ಆನ್ ಆಗುವಾಗಲೇ ಡಿಸ್ಕ್ ಚೆಕ್: ತಪ್ಪು ಕರೆಂಟಿನದೋ, ಹಾರ್ಡ್ ಡಿಸ್ಕಿನದೋ?

ಆರಿದ್ರಾ ಮಳೆ ಹಿಡಿಯಿತೆಂದರೆ ಉತ್ತರ ಕನ್ನಡದಲ್ಲಿ ಕಂಪ್ಯೂಟರ್ ರಿಪೇರಿಯವರಿಗೆ ಒಂದೇ ತರಹದ ಫೋನು ಬರಲು ಶುರುವಾಗುತ್ತದೆ. ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್' ಅನ್ನುವ ಒಂದು ಸಾಲು, ಪಕ್ಕದಲ್ಲಿ ಶೇಕಡಾ ಲೆಕ್ಕ. ಹನ್ನೊಂದಕ್ಕೆ ನಿಂತದ್ದು ಅರ್ಧ ತಾಸಾದರೂ ಹನ್ನೆರಡಕ್ಕೆ ಏರುವುದಿಲ್ಲ. ಹೊರಗೆ ಬೆಳೆಸಾಲದ ಕಾಗದಕ್ಕೆ ಜನ ಕಾಯುತ್ತಿರುತ್ತಾರೆ. ಕೊನೆಗೆ ಯಾರೋ ತಾಳ್ಮೆ ಕೆಟ್ಟು ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡುತ್ತಾರೆ. ಮತ್ತೆ ಆನ್ ಮಾಡಿದರೆ ಅದೇ ಸಾಲು, ಅದೂ ಮೊದಲಿನಿಂದ.

ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಒಂದು, 'ಫಾರ್ಮ್ಯಾಟ್ ಹೊಡೆಸಿಬಿಡಿ'. ಇನ್ನೊಂದು, 'ಆ ಚೆಕ್ ಬರದ ಹಾಗೆ ಮಾಡಿ ಕೊಡ್ತೇನೆ'. ಎರಡೂ ಅವಸರದ ಮಾತು. ಚೆಕ್ ಬರುತ್ತಿದೆ ಎಂದರೆ ಎಲ್ಲೋ ಏನೋ ಕೆಟ್ಟಿದೆ. ಅದು ಕರೆಂಟಿನ ಕಡೆ ಇರಬಹುದು, ಕೇಬಲ್ಲಿನಲ್ಲಿ ಇರಬಹುದು, ಡಿಸ್ಕೇ ಕೊನೆಗಾಲಕ್ಕೆ ಬಂದಿರಬಹುದು. ಯಾವುದೆಂದು ತಿಳಿಯದೆ ಕೈ ಹಾಕಿದರೆ ದುಡ್ಡೂ ಹೋಗುತ್ತದೆ, ಫೈಲೂ ಹೋಗುತ್ತದೆ.

ಇಷ್ಟಕ್ಕೂ ಚೆಕ್ ಮಾಡುವುದು ಏನನ್ನು?

ಶಿರಸಿ ಕಡೆಯ ಒಂದು ಅಡಿಕೆ ಗೋದಾಮು ನೆನೆಸಿಕೊಳ್ಳಿ. ಒಳಗೆ ಸಾಲು ಸಾಲು ಚೀಲ. ಯಾರ ಚೀಲ ಯಾವ ಸಾಲಿನಲ್ಲಿದೆ ಅನ್ನುವುದು ಖಾತೆ ಪುಸ್ತಕದಲ್ಲಿದೆ. ಡಿಸ್ಕಿನಲ್ಲೂ ಹಾಗೇ. ನಿಮ್ಮ ಫೈಲಿನ ಒಡಲು ಒಂದು ಕಡೆ, ಅದು ಎಲ್ಲಿದೆ ಎಂದು ಹೇಳುವ ಪಟ್ಟಿ ಇನ್ನೊಂದು ಕಡೆ. ಈಗ ಚೀಲ ಇಳಿಸಿದ್ದಾರೆ, ಖಾತೆಗೆ ಬರೆಯುವ ಮೊದಲೇ ದೀಪ ಹೋಯಿತು. ಅಥವಾ ಖಾತೆಗೆ ಬರೆದಾಗಿದೆ, ಚೀಲ ಇನ್ನೂ ಲಾರಿಯಲ್ಲೇ ಇದೆ. ಮರುದಿನ ಪುಸ್ತಕಕ್ಕೂ ಗೋದಾಮಿಗೂ ತಾಳೆಯಾಗುವುದಿಲ್ಲ. ಚೆಕ್‌ಡಿಸ್ಕ್ ಅನ್ನುವ ಪ್ರೋಗ್ರಾಮ್ ಮಾಡುವುದು ಈ ತಾಳೆ ನೋಡುವ ಕೆಲಸವನ್ನೇ.

ವಿಂಡೋಸ್ 98ರ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳು ಫ್ಯಾಟ್ ಅನ್ನುವ ಹಳೆಯ ಪದ್ಧತಿಯಲ್ಲಿ ಫೈಲ್ ಇಡುತ್ತಿದ್ದವು. ಕರೆಂಟ್ ಹೋಗಿ ಬಂದರೆ ಸಾಕು, ಸ್ಕ್ಯಾನ್‌ಡಿಸ್ಕ್ ಎದ್ದು ಕೂತು ಇಡೀ ಗೋದಾಮನ್ನು ಎಣಿಸುತ್ತಿತ್ತು. ಬೇರೆ ದಾರಿಯೇ ಇರಲಿಲ್ಲ. ಆಮೇಲೆ ಮನೆಗಳಿಗೆ ಬಂದದ್ದು ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೆ ಬಂದ ಇದು 2001ರ ಎಕ್ಸ್‌ಪಿ ಮೂಲಕ ಮನೆಮನೆಗೆ ಬಂತು. ಇದರಲ್ಲೊಂದು ಜಾಣತನ ಇದೆ. ಖಾತೆ ತಿದ್ದುವ ಮೊದಲು, ತಾನು ಏನು ತಿದ್ದಲಿದ್ದೇನೆ ಎಂದು ಒಂದು ಕಚ್ಚಾ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಆನ್ ಆದಾಗ ಆ ಕಚ್ಚಾ ಪುಸ್ತಕದ ಕೊನೆಯ ಪುಟ ನೋಡಿ ಅರ್ಧಕ್ಕೆ ನಿಂತ ಕೆಲಸ ಮುಗಿಸುತ್ತದೆ, ಇಲ್ಲವೇ ರದ್ದು ಮಾಡುತ್ತದೆ. ಇದಕ್ಕೆ ಕೆಲವೇ ಸೆಕೆಂಡು ಸಾಕು. ನಿಮಗೆ ಗೊತ್ತೂ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. 'ಕರೆಂಟ್ ಹೋಗಿತ್ತು, ಅದಕ್ಕೇ ಚೆಕ್ ಬಂತು' ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಈಗಿನ ವಿಂಡೋಸ್‌ನಲ್ಲಿ ಬರೀ ಕರೆಂಟ್ ಹೋದದ್ದಕ್ಕೆ ತಾಸುಗಟ್ಟಲೆ ಚೆಕ್ ಬರಬೇಕಾಗಿಲ್ಲ. ಕಚ್ಚಾ ಪುಸ್ತಕದಿಂದಲೂ ಸರಿಹೋಗದಷ್ಟು ಖಾತೆ ಕೆಟ್ಟಿದೆ ಎಂದು ಕಂಡಾಗ ಮಾತ್ರ ವಿಂಡೋಸ್ ಆ ಡ್ರೈವಿನ ಮೇಲೆ ಒಂದು ಗುರುತು ಹಾಕುತ್ತದೆ. ಇದನ್ನು ಡರ್ಟಿ ಬಿಟ್ ಅನ್ನುತ್ತಾರೆ. ಮುಂದಿನ ಸಲ ಆನ್ ಆಗುವಾಗ ಆ ಗುರುತು ಕಂಡರೆ ಚೆಕ್ ಶುರು. ವಿಂಡೋಸ್ ಪೂರ್ತಿ ಏಳುವ ಮೊದಲೇ ಯಾಕೆ? ಸಿ ಡ್ರೈವ್ ಬಳಕೆಯಲ್ಲಿದ್ದಾಗ ಅದರ ಖಾತೆಯನ್ನು ಧಾರಾಳವಾಗಿ ತಿದ್ದಲು ಆಗುವುದಿಲ್ಲ, ಅದಕ್ಕೆ.

2012ರಲ್ಲಿ ಬಂದ ವಿಂಡೋಸ್ 8ರಿಂದ ಇದನ್ನೂ ಸುಧಾರಿಸಿದರು. ಈಗ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಹೆಚ್ಚಾಗಿ ವಿಂಡೋಸ್ ಓಡುತ್ತಿರುವಾಗಲೇ ಹಿನ್ನೆಲೆಯಲ್ಲಿ ಮುಗಿಯುತ್ತದೆ. ಆನ್ ಆಗುವಾಗ ಆ ಜಾಗವನ್ನಷ್ಟೇ ಸರಿಪಡಿಸಿದರಾಯಿತು. ಹಾಗಾಗಿ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ತಾಸುಗಟ್ಟಲೆ ಚೆಕ್ ಮಾಡುತ್ತಾ ಕೂತರೆ ಮೂರರಲ್ಲಿ ಒಂದು ಆಗಿರುವ ಸಾಧ್ಯತೆ ಜಾಸ್ತಿ. ಯಾರೋ ಪೂರ್ತಿ ಪರೀಕ್ಷೆಗೆ ಹಚ್ಚಿದ್ದಾರೆ. ಇಲ್ಲವೇ ಡಿಸ್ಕ್ ಓದಲು ಕಷ್ಟಪಡುತ್ತಿದೆ. ಇಲ್ಲವೇ ಚೆಕ್ ಆಗುತ್ತಿರುವುದು ನೀವು ಅಂದುಕೊಂಡ ಡ್ರೈವೇ ಅಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಚ್ಚಾ ಪುಸ್ತಕ ಕಾಯುವುದು ಖಾತೆಯನ್ನು, ಚೀಲದೊಳಗಿನ ಅಡಿಕೆಯನ್ನಲ್ಲ. ನೀವು ಸೇವ್ ಮಾಡುತ್ತಿದ್ದ ಫೈಲಿನ ಒಳಗಿನ ಮಾತು ಕರೆಂಟಿನ ಜೊತೆಗೆ ಹೋಗಿರಬಹುದು. ಚೆಕ್‌ಡಿಸ್ಕ್ 'ಎಲ್ಲ ಸರಿ ಇದೆ' ಎಂದ ಮೇಲೂ ನುಡಿ ತಂತ್ರಾಂಶದಲ್ಲಿ ಬರೆದ ಪತ್ರ ತೆರೆಯದಿದ್ದರೆ ಅದಕ್ಕೆ ಕಾರಣ ಇದು.

ಮೊದಲು ಅಕ್ಷರ ಓದಿ

ಚೆಕ್ ಬಂದಾಗ ಜನ ಶೇಕಡಾ ನೋಡುತ್ತಾರೆ. ನೋಡಬೇಕಾದದ್ದು ಡ್ರೈವಿನ ಅಕ್ಷರ. ಸಿ ಎಂದಿದೆಯೋ, ಡಿ ಎಂದಿದೆಯೋ, ಇ ಅಥವಾ ಎಫ್ ಎಂದಿದೆಯೋ? ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇ, ಎಫ್ ಎಂದಿದ್ದರೆ ಅದು ಹಿಂದೆ ಚುಚ್ಚಿಟ್ಟು ಮರೆತ ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಇರಬಹುದು. ಮದುವೆ ಫೋಟೋ, ವಿಡಿಯೋ ಮಾಡುವವರ ಕಂಪ್ಯೂಟರ್‌ಗಳಲ್ಲಿ ಇದು ತೀರಾ ಸಾಮಾನ್ಯ. ಪೆನ್‌ಡ್ರೈವ್‌ಗಳಲ್ಲಿ ಇವತ್ತಿಗೂ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಇರುತ್ತದೆ. ಅವಕ್ಕೆ ಎನ್‌ಟಿಎಫ್‌ಎಸ್‌ನಂತೆ ಕಚ್ಚಾ ಪುಸ್ತಕ ಇಲ್ಲ. 'ಇಜೆಕ್ಟ್' ಕೊಡದೆ ಎಳೆದರೆ ಗುರುತು ಬೀಳುತ್ತದೆ. ಕಂಪ್ಯೂಟರ್ ಬಂದ್ ಇದ್ದಾಗ ಅದನ್ನು ಕಿತ್ತು, ಮತ್ತೆ ಆನ್ ಮಾಡಿ ನೋಡಿ. ತೊಂದರೆ ಅಲ್ಲಿಗೇ ಮುಗಿಯಬಹುದು. ಆ ಡಿಸ್ಕನ್ನು ಆಮೇಲೆ ವಿಂಡೋಸ್ ಒಳಗಿನಿಂದಲೇ ಪರೀಕ್ಷಿಸಿ. ಅದರ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಅಷ್ಟೇ.

ಅಂದಹಾಗೆ, ಆನ್ ಆಗುವುದು ತಡವಾದ ಮಾತ್ರಕ್ಕೆ ಎಲ್ಲವೂ ಡಿಸ್ಕ್ ಚೆಕ್ ಅಲ್ಲ. 'ವರ್ಕಿಂಗ್ ಆನ್ ಅಪ್‌ಡೇಟ್ಸ್' ಎಂದಿದ್ದರೆ ಅದು ಅಪ್‌ಡೇಟ್. ಡೆಸ್ಕ್‌ಟಾಪ್ ಬಂದ ಮೇಲೆ ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಅದು ತಾನಾಗಿ ಶುರುವಾಗುವ ಪ್ರೋಗ್ರಾಮ್‌ಗಳ ಹಾವಳಿ. ಅದರ ಮದ್ದು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿದೆ.

ಕಾಯಬೇಕೋ, ನಿಲ್ಲಿಸಬೇಕೋ

ಕಿವಿ ಕೊಟ್ಟು ಕೇಳಿ. ಹಾರ್ಡ್ ಡಿಸ್ಕಿನ ಒಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಮೆಲ್ಲಗೆ ಗರಗರ ಎನ್ನುವುದು ಸಹಜ. ಅದರ ಬದಲು ಟಕ್, ಟಕ್, ಟಕ್ ಎಂದು ಒಂದೇ ತಾಳದಲ್ಲಿ ಸದ್ದು ಬಂದರೆ ಒಳಗಿನ ಓದುವ ತಲೆ ಜಾಗ ಸಿಗದೆ ಒದ್ದಾಡುತ್ತಿದೆ ಎಂದರ್ಥ. ಆಗ ಚೆಕ್ ಮುಗಿಯಲಿ ಎಂದು ಕಾಯಬೇಡಿ. ಬಂದ್ ಮಾಡಿ. ಒಳಗಿರುವುದು ಬೇಕೇ ಬೇಕಾದ ಫೈಲಾಗಿದ್ದರೆ ಮತ್ತೆ ಆನ್ ಮಾಡದೆ ಡೇಟಾ ತೆಗೆಯಬಲ್ಲವರ ಕೈಗೆ ಕೊಡಿ.

ಅಂಥ ಸದ್ದು ಇಲ್ಲವೆಂದರೆ ಮೊದಲ ಸಲದ ಚೆಕ್ಕನ್ನು ಅದರ ಪಾಡಿಗೆ ಬಿಡುವುದೇ ಒಳ್ಳೆಯದು. ಖಾತೆ ತಿದ್ದುತ್ತಿರುವಾಗ ನಡುವೆ ಬಟನ್ ಒತ್ತಿದರೆ ಇನ್ನಷ್ಟು ಕೆಡುವ ಅಪಾಯ ಇದೆ. ಶೇಕಡಾ ನಿಂತಲ್ಲೇ ನಿಂತಿದೆ ಎಂದು ಗಾಬರಿ ಬೇಡ. ಅದು ಸಮನಾಗಿ ಏರುವ ಲೆಕ್ಕ ಅಲ್ಲ. ಸಿಪಿಯು ಮೇಲಿನ ಡಿಸ್ಕಿನ ಸಣ್ಣ ದೀಪ ಮಿಣುಕುತ್ತಿದ್ದರೆ ಕೆಲಸ ನಡೆದಿದೆ.

ಎಷ್ಟು ಹೊತ್ತು? ಚೆಕ್‌ಡಿಸ್ಕ್‌ನಲ್ಲಿ ಎರಡು ಬಗೆ ಇದೆ. ಕಮಾಂಡ್ ಪ್ರಾಂಪ್ಟಿನಲ್ಲಿ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) chkdsk ಎಂದು ಬರೆದು, ಡ್ರೈವಿನ ಅಕ್ಷರದ ನಂತರ ಸ್ಲ್ಯಾಶ್ ಎಫ್ ಕೊಟ್ಟರೆ ಖಾತೆಯನ್ನಷ್ಟೇ ನೋಡಿ ತಿದ್ದುತ್ತದೆ. ಮೂರು ಹಂತ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಕೆಲವು ನಿಮಿಷದ ಕೆಲಸ. ಸ್ಲ್ಯಾಶ್ ಆರ್ ಕೊಟ್ಟರೆ ಇನ್ನೆರಡು ಹಂತ ಸೇರುತ್ತದೆ. ಫೈಲ್ ಇರುವ ಜಾಗ, ಖಾಲಿ ಜಾಗ ಎರಡನ್ನೂ ಮೂಲೆಮೂಲೆಯಾಗಿ ಓದಿ, ಓದಲಾಗದ ಜಾಗವನ್ನು ಗುರುತಿಸುತ್ತದೆ. ಲೆಕ್ಕ ಹಾಕೋಣ. ಒಂದು ಟಿಬಿ ಎಂದರೆ ಹತ್ತು ಲಕ್ಷ ಎಂಬಿ. ಸೆಕೆಂಡಿಗೆ 100 ಎಂಬಿ ಓದಿದರೂ 10,000 ಸೆಕೆಂಡು ಬೇಕು. ಅಂದರೆ ಮೂರು ತಾಸಿಗೆ ಸ್ವಲ್ಪ ಕಡಿಮೆ. ಇದು ಡಿಸ್ಕ್ ಗಟ್ಟಿಯಾಗಿದ್ದರೆ. ಕೆಟ್ಟ ಜಾಗ ಸಿಕ್ಕರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಒಂದೊಂದಕ್ಕೂ ಹಲವು ಸೆಕೆಂಡು. ಅಂಥವು ಸಾವಿರ ಇದ್ದರೆ ರಾತ್ರಿಯಿಡೀ ಹೋಯಿತು. ಕರೆಂಟಿನ ನಂಬಿಕೆ ಇಲ್ಲದ ದಿನ ಡೆಸ್ಕ್‌ಟಾಪಿನಲ್ಲಿ ಸ್ಲ್ಯಾಶ್ ಆರ್ ಹಚ್ಚಬೇಡಿ. ಲ್ಯಾಪ್‌ಟಾಪ್ ಆದರೆ ಅಡ್ಡಿಯಿಲ್ಲ, ಬ್ಯಾಟರಿ ಗಟ್ಟಿ ಇದ್ದು ಚಾರ್ಜರ್ ಚುಚ್ಚಿರಲಿ.

ವರದಿ ಎಲ್ಲಿದೆ?

ಚೆಕ್ ಮುಗಿದು ವಿಂಡೋಸ್ ಬಂದ ಕೂಡಲೇ ಎಲ್ಲರೂ 'ಅಬ್ಬಾ' ಎಂದು ಕೆಲಸಕ್ಕೆ ಹತ್ತುತ್ತಾರೆ. ಆ ಪರದೆ ಹೇಳಿದ್ದೆಲ್ಲ ಒಳಗೆ ಬರೆದಿಟ್ಟಿರುತ್ತದೆ, ಯಾರೂ ಓದುವುದಿಲ್ಲ.

ಸ್ಟಾರ್ಟ್ ಒತ್ತಿ 'ಇವೆಂಟ್ ವ್ಯೂವರ್' ಎಂದು ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಎಂದಿದೆ. ಅದರಲ್ಲಿ ಮೂಲ 'ವಿನ್‌ಇನಿಟ್', ಸಂಖ್ಯೆ 1001 ಇರುವ ಸಾಲು ಹುಡುಕಿ. ಚೆಕ್‌ಡಿಸ್ಕ್‌ನ ಪೂರ್ತಿ ವರದಿ ಅಲ್ಲಿದೆ. ಉದ್ದಕ್ಕೆ ಹೆದರಬೇಡಿ. ಕೆಳಗಡೆ 'ಕೆಬಿ ಇನ್ ಬ್ಯಾಡ್ ಸೆಕ್ಟರ್ಸ್' (ಕೆಟ್ಟ ಜಾಗದ ಲೆಕ್ಕ) ಅನ್ನುವ ಒಂದು ಸಾಲು ಸಾಕು. ಅಲ್ಲಿ ಸೊನ್ನೆ ಇದ್ದರೆ ಉಸಿರು ಬಿಡಬಹುದು. ಸೊನ್ನೆ ಅಲ್ಲದೆ ಬೇರೆ ಏನೇ ಇದ್ದರೂ ಫೈಲ್ ನಕಲು ಮಾಡುವ ಕೆಲಸ ಇವತ್ತೇ ಶುರುವಾಗಬೇಕು.

ಇನ್ನು ಪಕ್ಕದ ಸಿಸ್ಟಮ್ ಲಾಗ್ ನೋಡಿ. ಕೆಂಪು, ಹಳದಿ ಗುರುತುಗಳ ಸಂತೆಯೇ ಇರುತ್ತದೆ, ಎಲ್ಲವೂ ಮುಖ್ಯವಲ್ಲ. ನಮಗೆ ಬೇಕಾದದ್ದು ಮೂರೇ ಸಂಖ್ಯೆ. 'ಕರ್ನಲ್ ಪವರ್' ಹೆಸರಿನ 41 ಎಂದರೆ ಕಂಪ್ಯೂಟರ್ ಸರಿಯಾಗಿ ಬಂದ್ ಆಗದೆ ನಿಂತಿತ್ತು. 'ಎನ್‌ಟಿಎಫ್‌ಎಸ್' ಹೆಸರಿನ 55 ಎಂದರೆ ಖಾತೆ ಕೆಟ್ಟದ್ದು ಕಂಡಿದೆ. 'ಡಿಸ್ಕ್' ಹೆಸರಿನ 7 ಎಂದರೆ ಡಿಸ್ಕಿನ ಮೇಲೇ ಓದಲಾಗದ ಜಾಗ ಇದೆ.

ಈ ಮೂರು ಯಾವ ಕ್ರಮದಲ್ಲಿ ಬಂದಿವೆ ಅನ್ನುವುದೇ ಕಥೆ ಹೇಳುತ್ತದೆ. ಪ್ರತಿ 55ರ ಹಿಂದೆ ಒಂದು 41 ಇದ್ದರೆ ಬೆರಳು ಕರೆಂಟಿನ ಕಡೆ ತೋರಿಸುತ್ತದೆ. 41ರ ಸುಳಿವೇ ಇಲ್ಲ, 7 ಮಾತ್ರ ಮತ್ತೆ ಮತ್ತೆ ಬರುತ್ತಿದೆ ಎಂದರೆ ಡಿಸ್ಕ್. 55 ಮಾತ್ರ ಇದೆ, ಉಳಿದೆರಡೂ ಇಲ್ಲ ಎಂದರೆ ಕೇಬಲ್ ಅಥವಾ ಕೆಲಸದ ಹೊತ್ತಿನ ಮಾಹಿತಿ ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಮೇಲೂ ಅನುಮಾನ ಪಡಬೇಕು. ರ‍್ಯಾಮ್ ಕೆಟ್ಟರೆ ಡಿಸ್ಕಿಗೆ ತಪ್ಪು ಲೆಕ್ಕವೇ ಹೋಗುತ್ತದೆ, ಡಿಸ್ಕ್ ಸುಮ್ನೆ ಬೈಸಿಕೊಳ್ಳುತ್ತದೆ. ವಿಂಡೋಸ್‌ನಲ್ಲೇ ಇರುವ 'ಮೆಮೊರಿ ಡಯಾಗ್ನೋಸ್ಟಿಕ್' ಒಮ್ಮೆ ಓಡಿಸಿ ನೋಡಿ.

ಡಿಸ್ಕಿನ ಬಾಯಿಂದಲೇ ಕೇಳಿ

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ತೆರೆದ ಕೂಡಲೇ ನೀಲಿಯಲ್ಲಿ 'ಗುಡ್', ಹಳದಿಯಲ್ಲಿ 'ಕಾಶನ್', ಕೆಂಪಲ್ಲಿ 'ಬ್ಯಾಡ್' ಎಂದು ತೋರಿಸುತ್ತದೆ. ಬಣ್ಣ ನೋಡಿ ಮುಚ್ಚಬೇಡಿ, ಒಳಗಿನ ನಾಲ್ಕು ಸಾಲು ನೋಡಿ.

05 ಅನ್ನುವ ಸಾಲು 'ರೀಅಲೊಕೇಟೆಡ್ ಸೆಕ್ಟರ್ಸ್'. ಕೆಟ್ಟ ಜಾಗ ಬಿಟ್ಟು ಡಿಸ್ಕ್ ತನ್ನ ಮೀಸಲು ಜಾಗಕ್ಕೆ ಸಾಗಿಸಿದ ತುಣುಕುಗಳ ಲೆಕ್ಕ ಇದು. ಒಂದೆರಡು ಇದ್ದು ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಚಿಂತೆ ಕಡಿಮೆ. ವಾರ ವಾರಕ್ಕೂ ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ. ಸಿ5 'ಕರೆಂಟ್ ಪೆಂಡಿಂಗ್'. ಈ 'ಕರೆಂಟ್' ನಮ್ಮ ಲೈನಿನ ಕರೆಂಟ್ ಅಲ್ಲ, ಸದ್ಯಕ್ಕೆ ಓದಲಾಗದೆ ಬಾಕಿ ಇರುವ ಜಾಗ ಅಷ್ಟೇ. ಚೆಕ್ ಹನ್ನೊಂದಕ್ಕೆ ನಿಂತು ಬೆವರಿಳಿಸುವುದು ಹೆಚ್ಚಾಗಿ ಇಂಥವುಗಳಿಂದ. ಸಿ6 ಎಂದರೆ ಡಿಸ್ಕ್ ತಾನೇ ಕೈಚೆಲ್ಲಿದ ಜಾಗ.

ನಾಲ್ಕನೆಯದು ಸಿ7, ಸಿಆರ್‌ಸಿ ಎರರ್ ಲೆಕ್ಕ. ನಮ್ಮ ಕರಾವಳಿಯವರು ಇದನ್ನು ತಪ್ಪದೆ ನೋಡಬೇಕು. ಇದು ಡಿಸ್ಕಿನ ದೋಷ ಅಲ್ಲ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಮಾಹಿತಿ ಕೆಡುತ್ತಿದೆ ಎಂದು ಹೇಳುತ್ತದೆ. ಅಂದರೆ ಕೇಬಲ್, ಇಲ್ಲವೇ ಅದರ ತುದಿ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಸಮುದ್ರದ ಗಾಳಿ ಬೀಸುವ ಮನೆಗಳಲ್ಲಿ ಕಿಟಕಿಯ ಸರಳು, ಬೈಕಿನ ಸೈಲೆನ್ಸರ್ ಯಾವ ಗತಿ ಕಾಣುತ್ತವೆ ಎಂದು ಗೊತ್ತಲ್ವಾ? ಸಿಪಿಯು ಒಳಗಿನ ಸಣ್ಣ ಪಿನ್ನುಗಳಿಗೂ ಅದೇ ಉಪ್ಪು, ಅದೇ ತೇವ. ಸಿ7 ಏರುತ್ತಿದ್ದರೆ ಹೊಸ ಡಿಸ್ಕಿಗೆ ದುಡ್ಡು ಸುರಿಯುವ ಮೊದಲು ಪ್ಲಗ್ ಕಿತ್ತು, ಸಾಟಾ ಕೇಬಲ್ಲನ್ನು ಎರಡೂ ತುದಿಯಲ್ಲಿ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಕೇಬಲ್ ಬದಲಿಸಿದರೆ ಇನ್ನೂ ಒಳ್ಳೆಯದು, ಡಿಸ್ಕಿನ ಮುಂದೆ ಅದರ ಬೆಲೆ ಏನೂ ಅಲ್ಲ. ಸಿ7 ಲೆಕ್ಕ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರದೆ ನಿಂತರೆ ಕೆಲಸ ಆಯಿತು ಎಂದು ತಿಳಿಯಿರಿ.

ಒಂದು ಎಚ್ಚರ. ಈ ಪ್ರೋಗ್ರಾಮ್ ಕೊನೆಯ ಕಾಲಮ್ಮಿನ ಸಂಖ್ಯೆಯನ್ನು ಸಾಮಾನ್ಯವಾಗಿ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 10 ಎಂದಿದ್ದರೆ ನಮ್ಮ ಲೆಕ್ಕದಲ್ಲಿ 16. ಸೆಟ್ಟಿಂಗ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು.

ಕರೆಂಟಿನ ಪಾಲು

ನಮ್ಮ ಜಿಲ್ಲೆಯ ವಿಚಿತ್ರ ನೋಡಿ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾದಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುತ್ತಾರೆ. ಶರಾವತಿಗೆ ಗೇರುಸೊಪ್ಪೆಯಲ್ಲಿ ಕಟ್ಟಿದ್ದಾರೆ. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಅದರಲ್ಲಿ ಒಂದನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಆದರೆ ಆ ವಿದ್ಯುತ್ ಹೋಗುವುದು ದೊಡ್ಡ ಗ್ರಿಡ್ಡಿಗೆ. ಮನೆಗೆ ಬರುವ ಲೈನು ಕಾಡು, ತೋಟ, ಘಟ್ಟದ ನಡುವೆ ಹಾಯ್ದು ಬರಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಮರ ಬೀಳುತ್ತದೆ, ಕೊಂಬೆ ತಾಗುತ್ತದೆ. ಲೈನ್‌ಮನ್ ಮಳೆಯಲ್ಲೇ ಕಂಬ ಹತ್ತುತ್ತಾರೆ.

ಕಂಪ್ಯೂಟರಿಗೆ ಜಾಸ್ತಿ ಕಾಟ ಕೊಡುವುದು ದಿನಗಟ್ಟಲೆ ಹೋಗುವ ಕರೆಂಟ್ ಅಲ್ಲ. ಹೋಗಿ, ಬಂದು, ಮತ್ತೆ ಹೋಗುವ ಕರೆಂಟ್. ಕಂಪ್ಯೂಟರಿನ ಪವರ್ ಸಪ್ಲೈಗೆ ಸ್ವಲ್ಪ ಉಸಿರು ಹಿಡಿಯುವ ಶಕ್ತಿ ಇದೆ. ಲೈನು ಕಡಿದ ಮೇಲೂ ಸುಮಾರು 16-17 ಮಿಲಿಸೆಕೆಂಡು ತಡೆಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಅಲೆ ಎಂದರೆ 20 ಮಿಲಿಸೆಕೆಂಡು. ಅಂದರೆ ಒಂದು ಪೂರ್ತಿ ಅಲೆ ತಪ್ಪಿದರೂ ಕಂಪ್ಯೂಟರ್ ಸತ್ತು ಹುಟ್ಟಬಹುದು. ಆ ಹೊತ್ತಿಗೆ ಬಲ್ಬು ಬರೀ ಮಿಟುಕಿರುತ್ತದೆ.

ಇಲ್ಲೇ ಮನೆಯ ಇನ್ವರ್ಟರ್ ಕೈ ಕೊಡುವುದು. 'ನಮ್ಮಲ್ಲಿ ಇನ್ವರ್ಟರ್ ಇದೆ, ಆದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ' ಅನ್ನುವವರು ಬಹಳ. ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಹೊರಳಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನು, ದೀಪಕ್ಕೆ ಅದು ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಗೊತ್ತಾಗುತ್ತದೆ. ಹಲವು ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಯುಪಿಎಸ್ ಕಡೆ ಇದ್ದರೆ ಬೇಗ ಹೊರಳುತ್ತದೆ, ಕಂಪ್ಯೂಟರ್ ಉಳಿಯುತ್ತದೆ. ಅದರ ಬೆಲೆಯೂ ಇದೆ. ವೋಲ್ಟೇಜ್ ಸ್ವಲ್ಪ ಏರಿಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ವೋಲ್ಟೇಜ್ ಸದಾ ಕುಂಟುವ ಊರಲ್ಲಿ ಇದು ಕಷ್ಟ. ಅಲ್ಲಿ ಕಂಪ್ಯೂಟರಿಗೆ ಬೇರೆಯೇ ಸಣ್ಣ ಯುಪಿಎಸ್ ಇಡುವುದೇ ಸೈ.

ಯುಪಿಎಸ್ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅದರ ಒಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೊರಗುತ್ತದೆ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಕರೆಂಟ್ ಹೋದ ಕ್ಷಣ 'ಕೀಂ' ಎಂದು ತಾನೂ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕೆಲಸವನ್ನೆಲ್ಲ ಸೇವ್ ಮಾಡಿ ಮುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗದಿದ್ದರೆ ಬ್ಯಾಟರಿ ಬದಲಿಸಿ. ಪ್ರಿಂಟರ್ ಅನ್ನು ಯುಪಿಎಸ್‌ಗೆ ಚುಚ್ಚಬೇಡಿ, ಲೇಸರ್ ಪ್ರಿಂಟರ್ ಅಂತೂ ಬೇಡವೇ ಬೇಡ.

ಇನ್ನೊಂದು ಸೆಟ್ಟಿಂಗ್ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನದೇ ಪ್ರೋಗ್ರಾಮ್) ಒಳಗಿದೆ, ಹೆಚ್ಚಿನವರು ನೋಡಿಯೇ ಇರುವುದಿಲ್ಲ. 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅಂಥದೇ ಹೆಸರು. ಅದು 'ಪವರ್ ಆನ್' ಎಂದಿದ್ದರೆ ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಏಳುತ್ತದೆ. ಚೆಕ್ ಶುರುವಾಗುತ್ತದೆ. ಎರಡೇ ನಿಮಿಷಕ್ಕೆ ಮತ್ತೆ ಕರೆಂಟ್ ಹೋಗುತ್ತದೆ. ಮತ್ತೆ ಏಳುತ್ತದೆ. ಆಫೀಸಿಗೆ ಬೀಗ ಹಾಕಿ ಎಲ್ಲರೂ ಮನೆಗೆ ಹೋದ ಮೇಲೆ ರಾತ್ರಿಯಿಡೀ ಹೀಗೆ ನಡೆಯಬಹುದು. ಅದನ್ನು 'ಸ್ಟೇ ಆಫ್' ಮಾಡಿಡಿ. ಸಂಜೆ ಹೋಗುವಾಗ ಬೋರ್ಡಿನ ಸ್ವಿಚ್ಚನ್ನೂ ಬಂದ್ ಮಾಡಿ. ಕಂಪ್ಯೂಟರ್ ಪೂರ್ತಿ ಶಟ್‌ಡೌನ್ ಆದ ಮೇಲೆ ಮಾತ್ರ, ತಿಳಿಯಿತಲ್ಲ?

ಚೆಕ್ ಬರದಂತೆ ಮಾಡಬಹುದೇ?

ಮಾಡಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಚೆಕ್‌ಎನ್‌ಟಿಎಫ್‌ಎಸ್' ಕೊಟ್ಟು, ಸ್ಲ್ಯಾಶ್ ಎಕ್ಸ್, ಡ್ರೈವಿನ ಅಕ್ಷರ ಬರೆದರೆ ಆ ಡ್ರೈವನ್ನು ಆನ್ ಆಗುವಾಗ ಮುಟ್ಟುವುದಿಲ್ಲ. 'ಚೆಕ್' ಅನ್ನುವುದನ್ನು ಇಲ್ಲಿ ಸಿ, ಎಚ್, ಕೆ ಎಂಬ ಮೂರೇ ಅಕ್ಷರದಲ್ಲಿ ಬರೆಯಬೇಕು. ಮತ್ತೆ ಮೊದಲಿನ ಹಾಗೆ ಮಾಡಲು ಸ್ಲ್ಯಾಶ್ ಡಿ. ಆದರೆ ಡರ್ಟಿ ಬಿಟ್ ಅಲ್ಲೇ ಉಳಿದಿರುತ್ತದೆ. ಕೆಟ್ಟ ಖಾತೆಯ ಮೇಲೆಯೇ ಹೊಸ ಫೈಲ್ ಬರೆಯುತ್ತಾ ಹೋಗುತ್ತೀರಿ. ತಿಂಗಳ ಮೇಲೆ ಗೊತ್ತಾಗುವಷ್ಟರಲ್ಲಿ ಒಂದು ಫೋಲ್ಡರೇ ಕಾಣೆ.

ಒಂದೇ ಒಂದು ಸಂದರ್ಭದಲ್ಲಿ ಇದು ಸರಿ ಎನ್ನುತ್ತೇನೆ. ಡಿಸ್ಕ್ ಸಾಯುತ್ತಿದೆ ಎಂದು ಖಾತ್ರಿಯಾಗಿದೆ, ಫೈಲ್ ಇನ್ನೂ ನಕಲಾಗಿಲ್ಲ. ಆಗ ಚೆಕ್ಕಿಗೆ ಬಿಟ್ಟರೆ ಉಳಿದ ಶಕ್ತಿಯೆಲ್ಲ ಅದರಲ್ಲೇ ಹೋಗುತ್ತದೆ. ಚೆಕ್‌ಡಿಸ್ಕ್‌ಗೆ ಬೇಕಾದದ್ದು ತಾಳೆಯಾಗುವ ಖಾತೆ. ನಿಮ್ಮ ಫೈಲ್ ಉಳಿಸುವುದು ಅದಕ್ಕೆ ಮೊದಲ ಕೆಲಸ ಅಲ್ಲ. ತಾಳೆಯಾಗದ ತುಣುಕುಗಳನ್ನು 'ಫೌಂಡ್' ಹೆಸರಿನ ಅಡಗಿದ ಫೋಲ್ಡರಿಗೆ ಎತ್ತಿ ಹಾಕುತ್ತದೆ. ಅದರಲ್ಲಿ ಯಾವ ತುಣುಕು ಯಾವ ಫೈಲಿನದು ಎಂದು ಹುಡುಕುವ ಕಷ್ಟ ಹೇಳತೀರದು. ಹಾಗಾಗಿ ಮೊದಲು ಚೆಕ್ ತಪ್ಪಿಸಿ, ಬೇಕಾದ ಫೈಲನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದು, ಆಮೇಲೆ ಬೇಕಾದರೆ ಚೆಕ್ ಮಾಡಿಸಿ. ಚೆಕ್ ಶುರುವಾಗುವ ಮೊದಲು ಕೆಲವು ಸೆಕೆಂಡು 'ಯಾವುದಾದರೂ ಕೀ ಒತ್ತಿ' ಎಂದು ಕೇಳುತ್ತದಲ್ಲ, ಆಗ ಒತ್ತಿದರೂ ಆ ಒಂದು ಸಲಕ್ಕೆ ತಪ್ಪುತ್ತದೆ.

ವಿಂಡೋಸ್ ಬದಲು ಉಬುಂಟು (ಒಂದು ಬಗೆಯ ಲಿನಕ್ಸ್) ಬಳಸುವವರಿಗೆ ಎರಡು ಮಾತು. ಹಳೆಯ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಇಷ್ಟು ಸಲ ಆನ್ ಆದ ಮೇಲೆ, ಅಥವಾ 180 ದಿನಕ್ಕೊಮ್ಮೆ ಚೆಕ್ ಬರುವಂತೆ ಇಟ್ಟಿರುತ್ತಿದ್ದರು. ಅದು ದೋಷವಲ್ಲ, ಪದ್ಧತಿ. ಇನ್ನೊಂದು, ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದರೆ ಗಡಿಯಾರ ಹಿಂದಕ್ಕೆ ಓಡುತ್ತದೆ. ಡಿಸ್ಕಿನ ಮೇಲೆ ಕೊನೆಗೆ ಬರೆದ ದಿನಾಂಕ ಮುಂದಿನ ಯಾವುದೋ ಕಾಲದ್ದಾಗಿ ಕಾಣುತ್ತದೆ. ಅನುಮಾನ ಬಂದು ಚೆಕ್ ಶುರುವಾಗುತ್ತದೆ. ಆನ್ ಮಾಡಿದಾಗೆಲ್ಲ ತಾರೀಖು ತಪ್ಪಾಗಿದ್ದರೆ ಮೊದಲು ಸೆಲ್ ಬದಲಿಸಿ.

ಡಿಸ್ಕೇ ಬದಲಿಸುವುದಾದರೆ

ಹಳೆಯ ತಿರುಗುವ ಡಿಸ್ಕಿನ ಜಾಗಕ್ಕೆ, ತಿರುಗುವ ತಟ್ಟೆಯೇ ಇಲ್ಲದೆ ಚಿಪ್‌ನಲ್ಲಿ ಬರೆದಿಡುವ ಎಸ್‌ಎಸ್‌ಡಿ ಹಾಕಿಸಿ. ಇದರಲ್ಲಿ ಎರಡನೇ ಮಾತಿಲ್ಲ. ಆನ್ ಆಗುವ ಹೊತ್ತು ನಿಮಿಷದಿಂದ ಸೆಕೆಂಡಿಗೆ ಇಳಿಯುತ್ತದೆ, ಚೆಕ್ ಬಂದರೂ ಬೇಗ ಮುಗಿಯುತ್ತದೆ. ಆದರೆ ಎಸ್‌ಎಸ್‌ಡಿ ಟಕ್ ಟಕ್ ಎಂದು ಮುನ್ಸೂಚನೆ ಕೊಡುವುದಿಲ್ಲ, ಹೋದರೆ ಒಮ್ಮೆಲೇ ಹೋಗಬಹುದು. ಬೇರೆ ಕಡೆ ಒಂದು ನಕಲು ಇರಲೇಬೇಕು. ಎಸ್‌ಎಸ್‌ಡಿ ಬಂತೆಂದು ಯುಪಿಎಸ್ ತೆಗೆಯಬೇಡಿ, ಕರೆಂಟ್ ಹೋದಾಗ ಬರೆಯುತ್ತಿದ್ದದ್ದು ಅದರಲ್ಲೂ ಹೋಗುತ್ತದೆ.

ಹಳೆಯ ಡಿಸ್ಕನ್ನು ಹಾಗೇ ಕ್ಲೋನ್ (ಇದ್ದದ್ದು ಇದ್ದ ಹಾಗೇ ಪೂರ್ತಿ ನಕಲು) ಮಾಡಿಸಿದರೆ ಒಂದು ತಮಾಷೆ ಆಗುತ್ತದೆ. ಹೊಚ್ಚ ಹೊಸ ಎಸ್‌ಎಸ್‌ಡಿಯಲ್ಲೂ ಚೆಕ್‌ಡಿಸ್ಕ್ 'ಇಷ್ಟು ಕೆಬಿ ಬ್ಯಾಡ್ ಸೆಕ್ಟರ್' ಎಂದು ವರದಿ ಕೊಡಬಹುದು. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಹಳೆಯ ಡಿಸ್ಕಿನ ಕೆಟ್ಟ ಜಾಗಗಳ ಪಟ್ಟಿಯೂ ಕ್ಲೋನ್ ಜೊತೆಗೆ ಬಂದಿದೆ, ಅಷ್ಟೇ. ಸ್ಲ್ಯಾಶ್ ಬಿ ಕೊಟ್ಟು ಚೆಕ್‌ಡಿಸ್ಕ್ ಒಮ್ಮೆ ಓಡಿಸಿದರೆ ಆ ಪಟ್ಟಿಯನ್ನು ಮತ್ತೆ ಪರೀಕ್ಷಿಸಿ ಅಳಿಸುತ್ತದೆ. ಇದಕ್ಕೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ರೀಸ್ಟಾರ್ಟ್ ಕೊಟ್ಟರೆ ಮಾತ್ರ ಮೊದಲಿನಿಂದ ಏಳುತ್ತದೆ.

ಹಳೆಯ ಡಿಸ್ಕನ್ನು ಡಿ ಡ್ರೈವ್ ಮಾಡಿ ಅಲ್ಲೇ ಬಿಡುವ ಆಸೆ ಬೇಡ. ಮುಂದಿನ ಮಳೆಗಾಲಕ್ಕೆ ಆನ್ ಆಗುವುದು ತಡವಾಗುವುದು ಅದರಿಂದಲೇ. ಮೇಲೆ ತಾರೀಖು ಬರೆದು ಕಪಾಟಿನಲ್ಲಿ ಒಂದೆರಡು ತಿಂಗಳು ಇಡಿ, ಯಾವುದಾದರೂ ಫೈಲ್ ಬಿಟ್ಟುಹೋಗಿದ್ದರೆ ಸಿಗುತ್ತದೆ. ಆಮೇಲೆ ಗುಜರಿಗೆ ಹಾಕುವುದಾದರೆ ಒಳಗೆ ಜನರ ಆಧಾರ್, ಪಾಸ್‌ಬುಕ್ಕಿನ ನಕಲು ಇದೆಯೇ ನೋಡಿಕೊಳ್ಳಿ. ಇದ್ದರೆ ಹಾಗೇ ಕೊಡಬೇಡಿ, ಒಳಗಿನ ತಟ್ಟೆ ತೆಗೆಸಿ ಒಡೆಸಿ.